ಇಂಜಿನ್ನಿಗೆ ಪುಟ, ಹೆಂಗಸಿಗೆ ಸಾಲು

ಹಳೆಯ ರೇಸ್ ಕಾರುಗಳ ಚರಿತ್ರೆ ಹೇಳುವ ದಪ್ಪ ಪುಸ್ತಕಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬುಗಾಟಿಗೆ ಸಿಲಿಂಡರ್ ಎಷ್ಟು, ಚಕ್ರಕ್ಕೆ ಕಡ್ಡಿ ಎಷ್ಟು, ಎಲ್ಲದಕ್ಕೂ ಅಲ್ಲಿ ಜಾಗವುಂಟು. ಅದನ್ನು ಓಡಿಸಿದ ಹೆಂಗಸಿಗೆ ಒಂದು ಸಾಲು ಸಿಕ್ಕಿದರೆ ಪುಣ್ಯ.

ಫ್ರಾನ್ಸಿನ ಎಲೆ ನೀಸ್ 1929ರಲ್ಲಿ ಬುಗಾಟಿಯನ್ನು ಗಂಟೆಗೆ ಸುಮಾರು 198 ಕಿಲೋಮೀಟರ್ ವೇಗದಲ್ಲಿ ಓಡಿಸಿ ಮಹಿಳೆಯರ ದಾಖಲೆ ಮಾಡಿದವಳು. 1936ರಲ್ಲಿ ಬ್ರೆಜಿಲಿನ ಸಾವೊ ಪೌಲೊದಲ್ಲಿ ಘೋರ ಅಪಘಾತವಾಗಿಯೂ ಬದುಕಿ ಬಂದಳು. ಆದರೆ 1949ರಲ್ಲಿ ಹೆಸರಾಂತ ರೇಸುಗಾರ ಲೂಯಿ ಶಿರೋನ್, ಇವಳು ನಾಜಿಗಳ ಏಜೆಂಟ್ ಎಂದು ನಾಲ್ಕು ಜನರೆದುರು ಆರೋಪಿಸಿದ. ಪುರಾವೆ ಏನೂ ಹೊರಬೀಳಲಿಲ್ಲ. ಆದರೂ ಅವಳ ರೇಸಿನ ಬದುಕು ಅಲ್ಲಿಗೇ ಮುಗಿಯಿತು. 1984ರಲ್ಲಿ ಬಡತನದಲ್ಲೇ ತೀರಿಕೊಂಡಳು. ಶಿರೋನ್ ಹೆಸರನ್ನೋ, ಬುಗಾಟಿ ಕಂಪನಿ 2016ರಲ್ಲಿ ತನ್ನ ಹೊಸ ಕಾರಿಗೇ ಇಟ್ಟಿತು! ಎಲೆ ನೀಸ್ ಕತೆಯನ್ನು ಹುಡುಕಿ ತೆಗೆದು 2004ರಲ್ಲಿ ಪುಸ್ತಕ ಮಾಡಿದವಳೂ ಒಬ್ಬ ಹೆಂಗಸೇ, ಮಿರಾಂಡಾ ಸೀಮೋರ್.

"ಗೆದ್ದವರ ಬಗ್ಗೆ ಬರೆಯುತ್ತೇವೆ, ಹೆಂಗಸರು ಗೆದ್ದದ್ದೆಲ್ಲಿ?" ಎನ್ನುವವರಿದ್ದಾರೆ. 1982ರಲ್ಲಿ ಮಿಶೆಲ್ ಮೂಟೋನ್ ಒಂದೇ ವರ್ಷದಲ್ಲಿ ಮೂರು ವಿಶ್ವ ರ‍್ಯಾಲಿ ಗೆದ್ದದ್ದು ಗೆಲುವಲ್ಲವೆ?

ಹಳೇ ಕಾರಿನ ತುಕ್ಕು ಉಜ್ಜಲು ವರ್ಷಗಟ್ಟಲೆ ಕೂರುವ ಈ ಮಹನೀಯರು, ಒಬ್ಬ ಹೆಂಗಸಿನ ಹೆಸರಿಗೆ ಬಳಿದ ಮಸಿ ಒರೆಸಲೂ ಸ್ವಲ್ಪ ಕೈ ನೋಯಿಸಿಕೊಳ್ಳಲಿ.