ವಾಟ್ ಎಷ್ಟು ಅಂತ ಆಮೇಲೆ ಕೇಳಿ

ನಮ್ಮ ಕಡೆ ತೋಟಕ್ಕೆ ತೆಂಗಿನ ಸಸಿ ತರುವಾಗ ಹಿರಿಯರು ಮೊದಲು ಕೇಳುವುದು ತಾಯಿಮರ ಎಂಥದ್ದು, ಅದರ ವಯಸ್ಸೆಷ್ಟು ಎಂದು. ‘ತಿಪಟೂರು ಟಾಲ್’ ಫಸಲಿಗೆ ಬರಲು ಆರೇಳು ವರ್ಷ ಕಾಯಿಸುತ್ತದೆ, ಆದರೆ ಆಮೇಲೆ ಒಂದು ತಲೆಮಾರು ದಾಟಿದರೂ ಕೈಬಿಡುವುದಿಲ್ಲ. ಅದೇ ಮನೆಯ ಹುಡುಗರು ಸೌಂಡ್ ಸೆಟ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ವಾಟ್?’

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಕೈಗೆಟಕುವ ದುಡಿಮೆ. ಯುವಕ ಸಂಘಗಳೂ ಚಂದಾ ಎತ್ತಿ ಸ್ವಂತ ಸೆಟ್ ತರುತ್ತಿವೆ. ಕಾಲೇಜಿನ ರಜೆಯಲ್ಲಿ ಶಾಮಿಯಾನದವರ ಜೊತೆ ವೈರ್ ಎಳೆಯಲು ಹೋಗುವ ನಾನು ಇಂಥ ಹಲವು ಸೆಟ್‌ಗಳನ್ನು ನೋಡಿದ್ದೇನೆ. ದುಡ್ಡು ಕಡಿಮೆ ಇದ್ದವರು ಜೋರು ಶಬ್ದಕ್ಕಲ್ಲ, ಬಾಳಿಕೆಗೆ ಹಣ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ನೋಡಿ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ ಅಡಮಾನವಿಲ್ಲದೆ ಸಿಗುವ ಸಾಲ 50 ಸಾವಿರ ರೂಪಾಯಿವರೆಗೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು. ಅಂದರೆ ಆ ಬೆಲೆಯ ಲೆಕ್ಕದಲ್ಲಿ ಆ ಸಾಲ, ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ನಾಲ್ಕು ಕ್ವಿಂಟಲ್ ಕೊಬ್ಬರಿಗೂ ಮಿಗಿಲು. ಅಷ್ಟು ಹಣ ಹಾಕಿದ ಪೆಟ್ಟಿಗೆ ಒಂದೇ ಗಣೇಶನ ಹಬ್ಬಕ್ಕೆ ಸುಟ್ಟರೆ ಉಳಿಯುವುದು ಕಂತು ಮಾತ್ರ.

ಮೊದಲು ವಾಟ್ ವಿಚಾರವನ್ನೇ ಮುಗಿಸೋಣ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಬಹಳ ಸಲ ‘ಪೀಕ್’ ಅಥವಾ ‘ಪಿಎಂಪಿಒ’. ಎಡೆಬಿಡದೆ ತಾಳಿಕೊಳ್ಳುವ ಶಕ್ತಿಯನ್ನು ಹೇಳುವುದು ‘ಆರ್‌ಎಂಎಸ್’. ಕೇಳಬೇಕಾದದ್ದು ಅದನ್ನು. ವಾಟ್ ದುಪ್ಪಟ್ಟಾದರೂ ಹೆಚ್ಚುವುದು ಕೇವಲ 3 ಡೆಸಿಬಲ್; ಕಿವಿಗೆ ‘ಸ್ವಲ್ಪ ಜಾಸ್ತಿಯಾಯಿತು’ ಎನ್ನಿಸುವಷ್ಟು ಮಾತ್ರ. ಇದಕ್ಕಿಂತ ಮುಖ್ಯವಾದದ್ದು ಸ್ಪೀಕರ್‌ನ ‘ಸೆನ್ಸಿಟಿವಿಟಿ’. 96 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ 100 ವಾಟ್‌ನಲ್ಲಿ ಮಾಡುವ ಶಬ್ದವನ್ನು 90 ಡೆಸಿಬಲ್‌ನದು ಮಾಡಬೇಕಾದರೆ 400 ವಾಟ್ ಬೇಕು. ಬಯಲಿನಲ್ಲಿ ದೂರ ಎರಡರಷ್ಟಾದಾಗ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಮುಂದಿನ ಸಾಲಿನವರ ಎದೆ ನಡುಗಿಸುವ ಒಂದು ದೊಡ್ಡ ಪೆಟ್ಟಿಗೆಗಿಂತ, ಮುಂದೆರಡು, ಪೆಂಡಾಲಿನ ನಡುವೆ ಎರಡು ಸಣ್ಣ ಪೆಟ್ಟಿಗೆ ಇಟ್ಟರೆ ಹಿಂದೆ ಕೂತ ಅಜ್ಜಿಗೂ ಮಾತು ಕೇಳಿಸುತ್ತದೆ.

ಎರಡನೆಯದು ಮಳೆ, ಇಬ್ಬನಿ, ದೂಳು. ನಮ್ಮ ಕಾರ್ಯಕ್ರಮಗಳು ನಡೆಯುವುದು ಕಣದಲ್ಲಿ, ತೋಟದ ಅಂಚಿನಲ್ಲಿ, ದೇವಸ್ಥಾನದ ಮುಂದೆ. ಎಂಡಿಎಫ್ ಹಲಗೆಯ ಪೆಟ್ಟಿಗೆ ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ಒಮ್ಮೆ ನೀರು ಕುಡಿದರೆ ಅಂಚು ಉಬ್ಬಿ ಸ್ಕ್ರೂ ಸಡಿಲವಾಗುತ್ತದೆ. ಒಳ್ಳೆಯ ಪ್ಲೈವುಡ್ ಇಲ್ಲವೇ ಗಟ್ಟಿ ಪ್ಲಾಸ್ಟಿಕ್ ಮೈಯ ಸ್ಪೀಕರ್ ತೆಗೆದುಕೊಳ್ಳಿ. ‘ಐಪಿ’ ಸಂಖ್ಯೆ ಇದ್ದರೆ ಓದಿ: ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಎರಡನೆಯದು 4 ಇದ್ದರೆ ಹನಿ ಸಿಡಿದರೂ ತಡೆಯುತ್ತದೆ ಎಂದರ್ಥ. ಸಂಖ್ಯೆಯೇ ಇಲ್ಲದಿದ್ದರೆ ಟಾರ್ಪಾಲಿನ ಖರ್ಚನ್ನೂ ಸೇರಿಸಿಕೊಳ್ಳಿ. ಇನ್ನೊಂದು ಮಾತು, ನಮ್ಮ ಸೀಮೆಯದೇ: ಸ್ಪೀಕರನ್ನು ಗೊನೆಯ ಕೆಳಗೆ ಇಡಬೇಡಿ. ಬೀಳುವ ಕಾಯಿಗೆ, ಗರಿಗೆ ವಾರಂಟಿ ಇಲ್ಲ.

ಮೂರನೆಯದು ಕರೆಂಟು. ತೋಟದ ಮೋಟರ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಎಷ್ಟಿರುತ್ತದೆ ಎಂಬುದು ಹಳ್ಳಿಯವರಿಗೆ ಹೇಳಬೇಕಿಲ್ಲ. ಜನರೇಟರ್ ಹಾಕಿದರೂ ಏರಿಳಿತ ತಪ್ಪದು. ಹೀಗಾಗಿ ಆಂಪ್ಲಿಫೈಯರ್ 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುವಂತಿರಬೇಕು; ಇಲ್ಲದಿದ್ದರೆ ಸ್ಟೆಬಿಲೈಜರ್ ಬೇಕೇ ಬೇಕು. ಬ್ಯಾಟರಿಯಲ್ಲಿ ನಡೆಯುವ ಸೆಟ್ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೂ ದುಡಿಯುತ್ತದೆ, ಪ್ರಚಾರದ ಆಟೊದಲ್ಲೂ ದುಡಿಯುತ್ತದೆ. ‘ಓಮ್’ ಲೆಕ್ಕವನ್ನೂ ಮರೆಯಬೇಡಿ. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ, ನಾಲ್ಕನ್ನು ಜೋಡಿಸಿದರೆ 2 ಓಮ್. 4 ಓಮ್‌ಗೆ ಮಾಡಿದ ಆಂಪ್ಲಿಫೈಯರ್ ಅಲ್ಲಿಗೆ ಸುಡುತ್ತದೆ. ಕೆಂಪು ದೀಪ ಬಿಡದೆ ಉರಿಯುತ್ತಿದ್ದರೂ ‘ಇನ್ನೂ ಕೊಡಪ್ಪ’ ಎನ್ನುವ ಗೆಳೆಯರ ಮಾತು ಕೇಳಿದರೆ ಸ್ಪೀಕರ್ ಹೋಗುತ್ತದೆ.

ನಾಲ್ಕನೆಯದು ರಿಪೇರಿ. ಎಷ್ಟೇ ದೊಡ್ಡ ಹೆಸರಿನ ವಸ್ತುವಾಗಲಿ, ಅದರ ಬಿಡಿಭಾಗ ತಿಪಟೂರಿನಲ್ಲೋ ತುಮಕೂರಿನಲ್ಲೋ ಸಿಗದಿದ್ದರೆ ನಮಗೆ ಅದು ಬಾಳಿಕೆಯ ವಸ್ತುವಲ್ಲ. ಹಳೆಯ ಹಾರ್ನ್ ಸ್ಪೀಕರ್‌ಗಳು ಇಂದಿಗೂ ಜಾತ್ರೆಗಳಲ್ಲಿ ಉಳಿದಿರುವುದಕ್ಕೆ ಕಾರಣವಿದೆ: ಒಳಗಿನ ಡಯಾಫ್ರಮ್ ಹೋದರೆ ಅದೊಂದನ್ನೇ ಬದಲಿಸಬಹುದು. 1940ರಲ್ಲಿ ಶುರುವಾದ ದೆಹಲಿಯ ಅಹುಜಾ ಕಂಪನಿಯ ಸೆಟ್‌ಗಳನ್ನು ಹಳಬರು ಇನ್ನೂ ನೆಚ್ಚಿಕೊಂಡಿರುವುದು ಫ್ಯಾಷನ್‌ಗಾಗಿ ಅಲ್ಲ, ಬಿಚ್ಚಿ ಸರಿಮಾಡಬಲ್ಲವರು ಊರೂರಲ್ಲಿ ಇದ್ದಾರೆ ಎಂಬ ಧೈರ್ಯಕ್ಕೆ. ಮೈಕ್ ಕೂಡ ‘ಡೈನಮಿಕ್’ ಜಾತಿಯದೇ ಇರಲಿ, ಬಿದ್ದರೂ ಏಳುತ್ತದೆ. ಅಮೆರಿಕದ ಶೂರ್ ಕಂಪನಿಯ ಎಸ್‌ಎಂ58 ಮೈಕ್ 1966ರಲ್ಲಿ ಬಂದದ್ದು, ಇಂದಿಗೂ ವೇದಿಕೆ ಬಿಟ್ಟಿಲ್ಲ. ಆದರೆ ಅದರ ನಕಲಿಗಳೂ ಮಾರುಕಟ್ಟೆಯಲ್ಲಿವೆ. ನಕಲಿ ದೊಡ್ಡ ಹೆಸರಿಗಿಂತ ಅಸಲಿ ಸಣ್ಣ ಹೆಸರು ಲೇಸು.

‘ಈಗಿನ ಹುಡುಗರಿಗೆ ಬೇಸ್ ಬೇಕು, ಹಾರ್ನ್ ಕಟ್ಟಿದರೆ ಯಾರು ಕರೆಯುತ್ತಾರೆ?’ ಎಂದು ಕೇಳಬಹುದು. ಕುಣಿಯುವ ಖುಷಿ ಬೇಡ ಎನ್ನಲು ನಾನು ಯಾರು? ಆದರೆ ಡಿಜೆ ಕೇಳುವುದು ವರ್ಷದಲ್ಲಿ ಕೆಲವೇ ದಿನ. ನಾಮಕರಣ, ಗೃಹಪ್ರವೇಶ, ಬೀಗರ ಊಟ, ಶಾಲಾ ವಾರ್ಷಿಕೋತ್ಸವ, ರಾಜ್ಯೋತ್ಸವ, ಗ್ರಾಮಸಭೆಗಳು ವರ್ಷವಿಡೀ ಇರುತ್ತವೆ. ಇದು ಗುಬ್ಬಿ ವೀರಣ್ಣನವರ ಜಿಲ್ಲೆ. ಪೌರಾಣಿಕ ನಾಟಕ ಆಡದ ಊರು ಕಡಿಮೆ. ಅಲ್ಲಿ ದುರ್ಯೋಧನನ ಒಂದೊಂದು ಮಾತೂ ಕೊನೆಯ ಚಾಪೆಯವರೆಗೆ ಸ್ಪಷ್ಟವಾಗಿ ಮುಟ್ಟಬೇಕು. ಇಲ್ಲೆಲ್ಲ ಬೇಕಾದದ್ದು ಮಾತಿನ ತಿಳಿತನ, ಗುಡುಗಲ್ಲ. ಬೇಸ್ ಬೇಕಾದ ದಿನ ಬೇಸ್ ಪೆಟ್ಟಿಗೆಯನ್ನು ಬೇರೆಯವರಿಂದ ಬಾಡಿಗೆಗೆ ತಂದರಾಯಿತು.

ಕಾನೂನೂ ಇದೇ ದಾರಿ ತೋರಿಸುತ್ತದೆ. ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು; ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಅದಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಪೂರ್ತಿ ತಿರುಗಿಸಿದರೆ ಕಾನೂನು ಮೀರುವ ಸೆಟ್‌ಗೆ ಸಾಲ ಮಾಡುವುದೆಂದರೆ, ಬಳಸಲಾಗದ ಶಕ್ತಿಗೆ ಬಡ್ಡಿ ಕಟ್ಟಿದಂತೆ. ಪೆಂಡಾಲಿನ ಆಚೆ ಮನೆಯಲ್ಲಿ ಪರೀಕ್ಷೆಗೆ ಓದುವ ನಮ್ಮದೇ ತಂಗಿ, ಹೃದಯದ ಕಾಯಿಲೆಯ ಅಜ್ಜ ಇರುತ್ತಾರೆ. ಪೆಟ್ಟಿಗೆಯ ಪಕ್ಕದಲ್ಲೇ ಗಂಟೆಗಟ್ಟಲೆ ನಿಲ್ಲುವ ಆಪರೇಟರನ ಕಿವಿಯೂ ಒಂದೇ ಜೊತೆ. ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಹಾಗಾದರೆ 50 ಸಾವಿರವನ್ನು ಹೇಗೆ ಹಂಚಬೇಕು? ನನ್ನ ಲೆಕ್ಕದಲ್ಲಿ ಅರ್ಧದಷ್ಟು ಸ್ಪೀಕರ್ ಮತ್ತು ಆಂಪ್ಲಿಫೈಯರ್‌ಗೆ. ಕಾಲು ಭಾಗ ಮೈಕ್, ವೈರ್, ಕನೆಕ್ಟರ್, ಸ್ಟ್ಯಾಂಡಿಗೆ; ಕಾರ್ಯಕ್ರಮದ ನಡುವೆ ಕೈಕೊಡುವುದು ಹೆಚ್ಚಾಗಿ ಇವೇ. ಉಳಿದ ಕಾಲು ಭಾಗದಲ್ಲಿ ಬ್ಯಾಟರಿ ಅಥವಾ ಸ್ಟೆಬಿಲೈಜರ್, ಟಾರ್ಪಾಲು, ಜೊತೆಗೆ ರಿಪೇರಿಗೆಂದು ಮುಟ್ಟದೆ ಇಟ್ಟ ಒಂದಿಷ್ಟು ಹಣ. ಹಳೆಯ ಸೆಟ್ ಕೊಳ್ಳುವುದಾದರೆ ಅಂಗಡಿಯಲ್ಲಿ ಐದು ನಿಮಿಷ ಹಾಡು ಕೇಳಿ ಒಪ್ಪಬೇಡಿ. ಒಂದು ಗಂಟೆ ಓಡಿಸಿ, ಬಿಸಿಯಾದ ಮೇಲೆ ಕೇಳಿ. ಬಿಲ್, ವಾರಂಟಿ ಚೀಟಿ ಇಲ್ಲದ ಹೊಸ ವಸ್ತುವಿಗೆ ಕೈ ಹಾಕಬೇಡಿ.

ಕೊಂಡ ಮೇಲೆ ಕೆಲಸ ಮುಗಿಯುವುದಿಲ್ಲ. ವೈರ್ ಸುತ್ತುವಾಗ ಮೊಣಕೈಗೆ ಬಿಗಿಯಾಗಿ ಸುತ್ತದೆ ಸಡಿಲವಾಗಿ ಬಳೆಯಂತೆ ಸುತ್ತಿ. ಕಾಯಿ ಸಿಪ್ಪೆಯ ರಾಶಿಯ ಪಕ್ಕ, ಇಲಿ ಓಡಾಡುವ ಮೂಲೆಯಲ್ಲಿ ಪೆಟ್ಟಿಗೆ ಇಡಬೇಡಿ. ಇಷ್ಟು ಮಾಡಿದರೆ ಸಾಲ ತೀರಿದ ಮೇಲೂ ಸೆಟ್ ದುಡಿಯುತ್ತಿರುತ್ತದೆ. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಬೇಕಾದದ್ದು ಅದೇ: ಕಂತಿಗಿಂತ ಹೆಚ್ಚು ವರ್ಷ ಬಾಳುವ ಬಂಡವಾಳ.