ಉಪ್ಪು ಹೊತ್ತವರ ಹೆಸರು ಬೈಗುಳವಾಯಿತೇ?

ಬ್ಯಾಡಗಿ ಬಸ್ಸಿನಲ್ಲಿ ಗದ್ದಲ ಜೋರಾದರೆ ಯಾರೋ ಒಬ್ಬರು "ಏನ್ರೀ ಇದು, ಲಮಾಣ್ಯಾರ ತಾಂಡಾ ಆತಲ್ಲಾ" ಅಂದುಬಿಡುತ್ತಾರೆ. ನಾಲ್ಕು ಮಂದಿ ನಗುತ್ತಾರೆ. ರಾಣೇಬೆನ್ನೂರಿನ ಬಟ್ಟೆ ಅಂಗಡಿಯಲ್ಲಿ ಮಗಳು ಗಾಢ ಬಣ್ಣದ ಲಂಗ ಎತ್ತಿಕೊಂಡರೆ "ಲಮಾಣ್ಯಾರಾಕಿ ಹಂಗ ಕಾಣ್ತೀ, ಇಡು ಅದನ್ನ" ಎಂದು ತಾಯಿಯೇ ಗದರಿಸುತ್ತಾಳೆ. ಹಿಂದಿನ ಸೀಟಿನಲ್ಲಿ ಆ ಸಮಾಜದವರೇ ಕೂತಿರಬಹುದು ಎಂಬ ಖಬರು ಯಾರಿಗೂ ಇರುವುದಿಲ್ಲ. ಇದ್ದರೂ ಲೆಕ್ಕಕ್ಕಿಲ್ಲ.

ಈ ಹೆಸರು ಬೈಗುಳವಾಗಿ ಹುಟ್ಟಿದ್ದಲ್ಲ. ಲಮಾಣಿ, ಲಂಬಾಣಿ ಎಂಬ ಮಾತು ಲವಣದಿಂದ, ಅಂದರೆ ಉಪ್ಪಿನಿಂದ ಬಂತೆಂದು ಬಲ್ಲವರು ಹೇಳುತ್ತಾರೆ. ಬಂಜಾರಾ ಎಂಬುದಕ್ಕೆ ವಾಣಿಜ್ಯದ ನಂಟು ಹೇಳುತ್ತಾರೆ. ಅಂದರೆ ನಮ್ಮ ಅಂಗಡಿಕಾರರ ಕಸುಬಿನವರೇ! ಎತ್ತಿನ ಬೆನ್ನ ಮೇಲೆ ಉಪ್ಪು, ಕಾಳುಕಡಿ ಹೇರಿಕೊಂಡು ದೇಶ ಸುತ್ತಿದವರು. 17ನೇ ಶತಮಾನದಲ್ಲಿ ಬಂದಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹತ್ತು-ಹನ್ನೆರಡು ಸಾವಿರ ಎತ್ತುಗಳ ಸಾಲಿನ ಬಗ್ಗೆ ಬರೆದಿದ್ದಾನೆ. ಸಾಲು ದಾಟುವತನಕ ಎದುರಿಗೆ ಬಂದ ಪ್ರವಾಸಿ ಎರಡು-ಮೂರು ದಿನ ಕಾಯಬೇಕಾಗುತ್ತಿತ್ತಂತೆ. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಇಂಗ್ಲಿಷರ ದಂಡಿಗೆ ಕಾಳು ಒದಗಿಸಿದವರಲ್ಲಿ ಇವರೂ ಇದ್ದರು. ತಾಂಡಾ ಎಂದರೆ ಆಗ ಊರಲ್ಲ, ನಡೆಯುವ ಆ ಸಾಲೇ ತಾಂಡಾ.

ಆಮೇಲೆ ರೈಲು ಬಂತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿ ಬಿತ್ತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸ್ಟೇಶನ್ನುಗಳು ಆ ದಾರಿಯವೇ. ನಮ್ಮ ಪೇಟೆಗಳು ಬೆಳೆದದ್ದು ಅದರಿಂದ. ಆದರೆ ಗೂಡ್ಸ್ ಗಾಡಿಯ ಮುಂದೆ ಎತ್ತು ಏನು ಮಾಡೀತು? ದಂಧೆ ಹೋಯಿತು, ತಿರುಗಾಟ ಮಾತ್ರ ಉಳಿಯಿತು. ಒಂದು ಕಡೆ ನಿಲ್ಲದವನು ಕಳ್ಳನೇ ಇರಬೇಕೆಂದು ಬಿಳಿಯರ ಸರಕಾರ ಲೆಕ್ಕ ಹಾಕಿತು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿ, ಜಾತಿ ಜಾತಿಗಳನ್ನೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಮದರಾಸು ಪ್ರಾಂತದ ಕೆಲವು ಕಡೆ ಲಂಬಾಣಿಗರೂ ಆ ಪಟ್ಟಿ ಸೇರಿದರು. ನಮ್ಮ ಮುಂಬಯಿ ಪ್ರಾಂತದಲ್ಲಿ ಹುಬ್ಬಳ್ಳಿ, ಗದಗಿನಲ್ಲಿ ಬೇಲಿ ಹಾಕಿ ಬೇರೆ ಕೆಲವು ಸಮಾಜಗಳನ್ನು ಕೂಡಿಟ್ಟರು. ಆ ಓಣಿಗಳಿಗೆ ಸೆಟ್ಲಮೆಂಟ್ ಎಂಬ ಹೆಸರು ಹಾಗೇ ಅಂಟಿಕೊಂಡಿತು. ಅಲ್ಲಿದ್ದ ಒಂದು ಸಮಾಜದ ಹೆಸರೇ ಗಂಟಿಚೋರ್, ಅಂದರೆ ಗಂಟು ಕದಿಯುವವ! ಸ್ವತಂತ್ರ ಭಾರತದ ಪರಿಶಿಷ್ಟ ಜಾತಿ ಪಟ್ಟಿಯಲ್ಲೂ ಅದೇ ಹೆಸರು. ಕೂಸು ಕಳ್ಳತನ ಕಲಿಯುವ ಮುಂಚೆಯೇ ಜಾತಿ ಸರ್ಟಿಫಿಕೇಟು ಅದನ್ನು ಚೋರ ಅನ್ನುತ್ತದೆ. ಇದೆಂಥ ನ್ಯಾಯ?

1952ರ ಆಗಸ್ಟ್ 31ಕ್ಕೆ ಕಾಯ್ದೆ ರದ್ದಾಯಿತು. ಜನರ ಬಾಯಿ ರದ್ದಾಗಲಿಲ್ಲ.

ಅವರೂ ನಮ್ಮನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಕರೆಯುತ್ತಾರೆ. ತಮ್ಮವರು ಗೋರ್, ಹೊರಗಿನವರು ಕೋರ್. ಆದರೆ ಕೋರ್ ಅನ್ನಿಸಿಕೊಂಡಿದ್ದಕ್ಕೆ ಹಾವೇರಿಯಲ್ಲಿ ಯಾರಿಗೂ ಬಾಡಿಗೆ ಮನೆ ತಪ್ಪಿಲ್ಲ.

ಮಜಾ ನೋಡಿ. ಹಾವೇರಿ ಕ್ಷೇತ್ರದ ರುದ್ರಪ್ಪ ಲಮಾಣಿಯವರು 2023ರಲ್ಲಿ ವಿಧಾನಸಭೆಯ ಉಪಸಭಾಧ್ಯಕ್ಷರಾದರು. ಆಗ ಲಮಾಣಿ ಎಂದು ಹೇಳಲು ಯಾರ ನಾಲಿಗೆಯೂ ತೊದಲಲಿಲ್ಲ, ಹಾರ ತುರಾಯಿ ಹಿಡಿದು ಸಾಲು ನಿಂತರು. ಶಬ್ದ ಅದೇ. ಮುಂದೆ 'ಅವರು' ಹಚ್ಚಿದರೆ ಅಡ್ಡಹೆಸರು, 'ಲಮಾಣ್ಯಾ' ಎಂದು ಎಳೆದರೆ ಬೈಗುಳ. ವಿಷ ಇರುವುದು ಆ ಬಾಲದಲ್ಲಿ, ಜೊತೆಗೆ ಬರುವ 'ಲೇ', 'ನೀ'ಗಳಲ್ಲಿ. ಕೂಲಿಗೆ ಬಂದ ಅರವತ್ತು ವರ್ಷದ ಮುದುಕಿಗೆ ಹದಿನೆಂಟರ ಹುಡುಗ 'ಏ ಲಮಾಣಿ' ಅನ್ನುತ್ತಾನೆ. ಬೇರೆ ಮುದುಕಿಯಾದರೆ 'ಯಜ್ಜಿ' ಅನ್ನುತ್ತಿದ್ದ. ಬಟ್ಟೆಯದೂ ಇದೇ ಕಥೆ. ಪೇಟಿಯಾ, ಕಾಂಚಳಿ ನಮಗೆ ನಗೆಪಾಟಲು. ಅದೇ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೆಂಗಳೂರಿನವರು ರೊಕ್ಕ ಸುರಿದು ಆ ಕಸೂತಿಯ ಚೀಲ ಹೆಗಲಿಗೆ ಹಾಕುತ್ತಾರೆ!

ತಮಾಷೆಗೆ ಅಂದೆವು ಎನ್ನುವವರು ಕಾನೂನನ್ನೂ ತಿಳಿದಿರಲಿ. ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದ ಮೇಲೆ, ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವನು ನಾಲ್ಕು ಜನರ ಎದುರು ಜಾತಿ ಹೆಸರೆತ್ತಿ ಬೈದರೆ ಆರು ತಿಂಗಳಿಂದ ಐದು ವರ್ಷ ಜೈಲು, ಮೇಲೆ ದಂಡ. ಜಾತಿಯ ಹೆಸರೇ ಕಾಲಕ್ರಮದಲ್ಲಿ ನಿಂದೆಯ ಮಾತಾಗಬಹುದು, ಅವಮಾನಿಸಲೆಂದೇ ಅಂದರೆ ಅಪರಾಧ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಬೇರೊಂದು ಜಾತಿಯ ಹೆಸರಿನ ಮೊಕದ್ದಮೆಯಲ್ಲಿ ಹೇಳಿದೆ. ಬಸ್ಸೂ ಅಂಗಡಿ ಕಟ್ಟೆಯೂ ನಾಲ್ಕು ಜನರ ಜಾಗಗಳೇ ಅಲ್ಲವೇ?

ಪ್ರತಿ ಫೆಬ್ರುವರಿ 15ಕ್ಕೆ ಸೇವಾಲಾಲ್ ಜಯಂತಿ ಬರುತ್ತದೆ. ಸಂತರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪ ರಾಣೇಬೆನ್ನೂರಿಗೆ ದೂರವೇನಲ್ಲ. ಅಂದು ವೇದಿಕೆ ಮೇಲೆ ಹೊಗಳಿಕೆ ಧಾರಾಳ. ನಾವು ಕೇಳುವುದು ಉಳಿದ ದಿನಗಳ ಮಾತು. ಬಸ್ಸಿನಲ್ಲಿ ಇಂಥ ನಗೆಚಾಟಿಕೆ ಎದ್ದಾಗ ಕಂಡಕ್ಟರು ಗದರಿಸಿ ಬಾಯಿ ಮುಚ್ಚಿಸಲಿ. ಉದ್ರಿ ಪುಸ್ತಕದಲ್ಲಿ 'ತಾಂಡಾದ ಲಮಾಣಿ' ಎಂದಷ್ಟೇ ಬರೆದಿಡುವ ಅಂಗಡಿಕಾರರು ಗಿರಾಕಿಯ ಹೆಸರು ಕೇಳಿ ಬರೆದುಕೊಳ್ಳಲಿ. ವಸೂಲಿಗೂ ಅದೇ ಸಲೀಸು.