ಎತ್ತಿಗುಂಟು ವಿಶ್ರಾಂತಿ, ಲಾರಿ ಚಾಲಕನಿಗೇಕಿಲ್ಲ?

ರೈತ ಬಾಂಧವರೇ, ಉಳುವ ಎತ್ತನ್ನು ನಡುಮಧ್ಯಾಹ್ನ ನೊಗದಿಂದ ಬಿಚ್ಚಿ ನೆರಳಿಗೆ ಕಟ್ಟುತ್ತೀರಿ. ಆದರೆ ಈರುಳ್ಳಿ ಹೇರಿದ ಲಾರಿಯ ಚಾಲಕನಿಗೆ ಮಾತ್ರ, ‘ಬೆಳಗಾಗುವುದರೊಳಗೆ ಬೆಂಗಳೂರು ಮುಟ್ಟಿಸು’ ಎನ್ನುತ್ತೀರಿ.

ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ 1961ರಲ್ಲೇ ಹೇಳಿತ್ತು. ಆದರೆ ಐದಕ್ಕಿಂತ ಕಡಿಮೆ ಆಳುಗಳಿದ್ದ ಒಂಟಿ ಲಾರಿಯ ಮಾಲೀಕನಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಾಲಕ 3 ಸೆಕೆಂಡು ತೂಕಡಿಸಿದರೂ ಲಾರಿ 50 ಮೀಟರು ಕುರುಡಾಗಿ ಓಡಿರುತ್ತದೆ. ಹರಿಹರ–ದಾವಣಗೆರೆ ಹೆದ್ದಾರಿಯಲ್ಲಿ ಅದರ ಮುಂದಿರುವುದು ನಿಮ್ಮದೇ ಟ್ರ್ಯಾಕ್ಟರ್ ಆಗಿರಬಹುದು. ಚಹಾ, ಬೀಡಿ ನಿದ್ದೆಗೆ ಬದಲಲ್ಲ.

ಬಾಡಿಗೆ ಗೊತ್ತು ಮಾಡುವಾಗಲೇ ನಿದ್ದೆಯ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿರಿ. ಒಣಗಿದ ಈರುಳ್ಳಿ ಅರ್ಧ ದಿನಕ್ಕೆ ಕೆಡದು. ಹೋದ ಜೀವ ಬಾರದು.